ಬಿಡು ಎಂದರೆ ಹೊರಡು

ಕನ್ನಡದಲ್ಲಿ ನಾನು ಹೆದರುವ ಕ್ರಿಯಾಪದ ಒಂದೇ: ‘ಬಿಡು’. ಬೀಡಿ ಬಿಟ್ಟವನದು ಅಲ್ಲಿಗೆ ಮುಗಿಯುತ್ತದೆ, ಬಸ್ಸು ಬಿಟ್ಟವನದು ಅಲ್ಲಿಂದ ಶುರುವಾಗುತ್ತದೆ. ಗಿಡ ಹೂ ಬಿಟ್ಟಿತು ಎಂದರೆ ಹೂ ಇದೆ. ನೆಂಟರು ಊರು ಬಿಟ್ಟರು ಎಂದರೆ ನೆಂಟರಿಲ್ಲ. ಇಂಥ ಎರಡು ನಾಲಗೆಯ ಮಾತನ್ನು ನಮ್ಮ ವೈಯಾಕರಣಿಗಳು ಸುಮ್ಮನೆ ಹೇಗೆ ಬಿಟ್ಟರೋ ಕಾಣೆ. ಅವರನ್ನು ಯಾರೂ ದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆದಿರಲಿಲ್ಲ ಎಂದು ತೋರುತ್ತದೆ. ನನ್ನನ್ನು ಎಳೆದಿದ್ದರು.

ಅರವತ್ತರ ದಶಕದ ಮಾತು. ನಾನಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ನಾರಾಯಣಪ್ಪನವರ ಮಗಳು ಸರೋಜಳನ್ನು ನೋಡಿಕೊಂಡು ಬಂದಿದ್ದೆ. ನೋಡಿ ಬಂದ ಮೇಲೆ ಮದರಾಸಿನ ಬುಟ್ಟಿಗಳಿಗೆಲ್ಲ ಹುಬ್ಬಳ್ಳಿಯ ಚೀಟಿ ಅಂಟಿಸತೊಡಗಿದ್ದೆ, ಅಷ್ಟು ಮೆಚ್ಚಿದ್ದೆ. ಆದರೆ ನಾರಾಯಣಪ್ಪನವರು ಆಯುಷ್ಯವೆಲ್ಲ ಗಣಿಯ ಆಳದಲ್ಲಿ ಬಂಡೆ ಸಿಡಿಸಿದವರು. “ಕುಂತಲ್ಲೇ ಕುಂತು ಚೀಟಿ ಅಂಟ್ಸೋನ್ಗೆ ದೈರ್ಯ ಎಲ್ಲಿಂದ ಬತ್ತದೆ?” ಎಂದು ಹೇಳಿ ಕಳುಹಿಸಿದರು.

ಧೈರ್ಯವನ್ನು ತೋರಿಸುವುದೆಲ್ಲಿ? ರಾಬರ್ಟ್‌ಸನ್‌ಪೇಟೆಯ ಕ್ಷೌರದಂಗಡಿಯಲ್ಲಿ ಒಂದು ಹರಕು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಅದರ ಚಿತ್ರದಲ್ಲೊಬ್ಬ ಬಿಳಿ ದೊರೆ ಕಾಲಿಗೆ ಹಲಗೆ ಕಟ್ಟಿಕೊಂಡು, ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು, ನೀರಿನ ಮೇಲೆ ನಿಂತಿದ್ದ. ನಿಂತದ್ದಲ್ಲದೆ ನಗುತ್ತಲೂ ಇದ್ದ. ಆ ನಗು ನನ್ನನ್ನು ಕೆಡಿಸಿತು.

ಬೇತಮಂಗಲದ ಕೆರೆಯಲ್ಲಿ ಯಾರೋ ದೊರೆ ಊರಿಗೆ ಹೋಗುವಾಗ ಬಿಟ್ಟುಹೋದ ಮೋಟಾರು ದೋಣಿಯೊಂದಿತ್ತು. ಒಳಗೊಂದು ಕೋಣೆ, ಕೋಣೆಯಲ್ಲಿ ಮಂಚ, ಕಿಟಕಿಗೆ ಹೂವಿನ ಪರದೆ. ಚಹಾ ಕುಡಿಯುತ್ತ ಸೂರ್ಯಾಸ್ತ ನೋಡಲು ಮಾಡಿದ ದೋಣಿ ಅದು, ಮನುಷ್ಯರನ್ನು ಎಳೆಯಲು ಅಲ್ಲ. ನಡೆಸಲು ಒಪ್ಪಿದವನು ಸರೋಜಳ ಅಣ್ಣ ವೆಂಕಟೇಶ. ಗಣಿಯೊಳಕ್ಕೆ ಜನರನ್ನು ಹಗ್ಗದಲ್ಲಿ ಇಳಿಸಿ ಮೇಲೆತ್ತುವ ಎಂಜಿನ್ನಿನ ಡ್ರೈವರು. ಹಗ್ಗದ ತುದಿಯಲ್ಲಿ ಮನುಷ್ಯರನ್ನು ಎಳೆಯುವುದೇ ಕಸುಬಾದವನಿಗಿಂತ ಯೋಗ್ಯ ಬೇರೆ ಯಾರು ಎಂದು ಹಿಗ್ಗಿದೆ. ಆ ಕಸುಬಿನವರು ತುದಿಯಲ್ಲಿರುವವನನ್ನು ಕಣ್ಣಿಂದ ನೋಡುವುದೇ ಇಲ್ಲ, ಕಿವಿಯನ್ನೇ ನಂಬಿ ನಡೆಯುತ್ತಾರೆ ಎಂಬುದು ಹೊಳೆಯಲಿಲ್ಲ.

ಭಾನುವಾರ ನಾರಾಯಣಪ್ಪನವರ ಮನೆಯವರೆಲ್ಲ ಚಿತ್ರಾನ್ನ ಕಟ್ಟಿಕೊಂಡು ಬಂದು ದಡದಲ್ಲಿ ಕುಳಿತರು. ಮಾವನಾಗಬೇಕಾದವರ ಮರ್ಯಾದೆಗೆಂದು ನಾನು ಚಡ್ಡಿಯ ಮೇಲೆ ಪಂಚೆ ಉಟ್ಟಿದ್ದೆ. ಕಾಲಿಗೆ ಹಲಗೆ ಕಟ್ಟಿಕೊಂಡು, ಹಗ್ಗದ ತುದಿ ಹಿಡಿದು ನೀರಿಗಿಳಿದೆ.

“ಓಗಾನಾ ಬಾವ?” ಎಂದು ಕೇಳಿ ವೆಂಕಟೇಶ ಮುಂದೆ ತಿರುಗಿದವನು ಮತ್ತೆ ಹಿಂದೆ ನೋಡಲಿಲ್ಲ.

ಪತ್ರಿಕೆಯ ದೋಣಿ ಓಡುತ್ತಿತ್ತು, ನಮ್ಮದು ನಡೆಯಿತು. ಹೀಗಾಗಿ ನಾನು ಮೇಲೇಳಲೂ ಇಲ್ಲ, ಮುಳುಗಲೂ ಇಲ್ಲ. ಬಾಯಿ ತೆರೆದುಕೊಂಡು ಮುಂದೆ ಮುಂದೆ ಹೋದೆ. ಇಡೀ ಚಿನ್ನದ ಗಣಿಗೆ ಕುಡಿಯಲು ಹೋಗುವ ನೀರಿನಲ್ಲಿ ಒಂದು ಪಾಲು ನಾನೊಬ್ಬನೇ ಕುಡಿದೆ. ಪಂಚೆ ಬಿಚ್ಚಿಕೊಂಡು, ನನಗಿಂತ ಲಕ್ಷಣವಾಗಿ ನೀರಿನ ಮೇಲೆ ಜಾರುತ್ತ ಹಿಂದೆ ಬಂತು.

“ಬಿಡ್ಲಾ! ಲೇ ವೆಂಕಟೇಸಾ, ಬಿಡ್ಲಾ!” ಎಂದು ಕೂಗಿದೆ. ಸಾಕಪ್ಪಾ, ನನ್ನನ್ನು ಬಿಟ್ಟುಬಿಡು ಎಂದು ನನ್ನ ಅರ್ಥ. ಗಾಡಿ ಬಿಡು ಎಂದು ಅವನ ಅರ್ಥ. ಎಂಜಿನ್ನು ಗುಡುಗಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ತಮಿಳಿನವರು ಕನಿಕರದಿಂದ ನನಗೆ “ವುಡ್ರಾ, ವುಡ್ರಾ!” ಎಂದರು, ಹಗ್ಗ ಬಿಡೋ ಎಂದು. ತಮಿಳಿನಲ್ಲೂ ಆ ಮಾತಿನದು ಅದೇ ಬುದ್ಧಿ. ಭಾಷೆ ಎರಡಾದರೂ ಅಪ್ಪಣೆ ಒಂದೇ ಎಂದುಕೊಂಡು ವೆಂಕಟೇಶ ಇನ್ನಷ್ಟು ಒತ್ತಿದ.

ನೀನೇ ಹಗ್ಗ ಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೊದಲನೆಯದಾಗಿ ನನಗೆ ಈಜು ಬಾರದು. ಎರಡನೆಯದಾಗಿ, ಹಗ್ಗ ಬಿಟ್ಟರೆ ಸರೋಜಳನ್ನೂ ಬಿಟ್ಟಂತೆ.

ಆಗ ಎಂಜಿನ್ನಿನ ಗದ್ದಲವನ್ನು ಸೀಳಿಕೊಂಡು ಸರೋಜಳ ದನಿ ಬಂತು: “ವದಿಲೇಯ್ ನಾಯನಾ!” ಅವರದು ಬೀದಿಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು. ತೆಲುಗಿನ ಆ ಮಾತಿಗೆ ಕೈಬಿಡು ಎಂಬುದೊಂದೇ ಅರ್ಥ, ಬಸ್ಸಿನ ಗೊಡವೆಯೇ ಇಲ್ಲ. ಮೇಲಾಗಿ ‘ನಾಯನಾ’! ನಮ್ಮ ಸೀಮೆಯಲ್ಲಿ ಅಕ್ಕರೆ ಉಕ್ಕಿದರೆ ಹಾಗೆ ಕರೆಯುತ್ತಾರೆ. ಆಕೆ ನನ್ನೊಡನೆ ಆಡಿದ ಮೊದಲ ಮಾತು. ಎರಡೂ ಕೈ ಬಿಟ್ಟೆ. ಸಾಯಲು ಸಿದ್ಧನಾಗಿ ಕಾಲೂರಿದರೆ, ನೀರು ಸೊಂಟದವರೆಗಿತ್ತು.

ನಾರಾಯಣಪ್ಪನವರು ಟವೆಲು ಕೊಟ್ಟು, “ನೀರ್ ಕುಡ್ಕೊಂಡ್ರೂ ಅಗ್ಗ ಬಿಡ್ಲಿಲ್ವಲ್ಲಯ್ಯ! ಐತೆ, ದೈರ್ಯ ಐತೆ,” ಎಂದರು. ಹೆದರಿಕೆಗೆ ಹಿಡಿದದ್ದು ಎಂದು ನಾನು ತಿದ್ದಲು ಹೋಗಲಿಲ್ಲ. ಸರೋಜಳೂ ತಲೆಯಾಡಿಸಿದಳು. ಮದುವೆಯಾಯಿತು.

ಎಷ್ಟೋ ಕಾಲದ ಮೇಲೆ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತಿದ್ದವಳ ಮುಂದೆ ಆ ‘ನಾಯನಾ’ ನೆನೆದು ಕರಗಿದೆ. ಅವಳು ಮೊರ ಕೆಳಗಿಟ್ಟಳು.

“ನಿಮ್ಗ್ಯಾರು ಯೇಳಿದ್ರು? ಅಪ್ಪನ್ನ ನಾನು ನಾಯನಾ ಅಂತಾನೇ ಅಲ್ವಾ ಕರಿಯೋದು? ಈ ಗಂಡು ಬ್ಯಾಡ, ಸಂಬಂದ ಬಿಟ್ಬಿಡು ನಾಯನಾ ಅಂತ ನಮ್ಮಪ್ಪಂಗೆ ಕೂಗ್ದೆ.”

ನನ್ನ ಬಾಯಿ ಮತ್ತೆ ಕೆರೆಯಲ್ಲಿದ್ದಂತೆ ತೆರೆದುಕೊಂಡಿತು. “ಮತ್ತ್ಯಾಕೆ ಒಪ್ಕೊಂಡೆ?”

“ಅಪ್ಪ, ಅಣ್ಣ ಯಾರೂ ಅವತ್ತಿನ್‌ಗಂಟ ನನ್ನ ಮಾತು ಒಂದೂ ಕೇಳಿರ್ಲಿಲ್ಲ. ನೀವು, ನಾನಂದ ತಕ್ಷಣ ಕೇಳಿದ್ರಿ,” ಎಂದು ಮೊರ ಎತ್ತಿಕೊಂಡಳು.

ಈಗಲೂ ಒಳಗಿನಿಂದ ‘ವದಿಲೇಯ್ ನಾಯನಾ’ ಎಂದು ಕೇಳಿದರೆ, ಯಾರಿಗೆ ಎಂದು ವಿಚಾರಿಸದೆ ಕೈಯಲ್ಲಿದ್ದುದನ್ನು ಕೆಳಗಿಡುತ್ತೇನೆ. ಕಾಫಿ ಲೋಟವಾದರೆ ಮಾತ್ರ ಕುಡಿದು ಇಡುತ್ತೇನೆ.