ಕೊನೆಯ ಗಾಡಿಯ ನೀಲಿ ಪಟ್ಟಿ

ತಿಪ್ಪೇಶ ವಾರಕ್ಕೆ ಆರು ದಿನ ಕಾಲು ಕತ್ತರಿಸುವವನು. ಗಾಬರಿಯಾಗಬೇಕಿಲ್ಲ, ಪ್ಯಾಂಟಿನ ಕಾಲು. ರಾಯದುರ್ಗದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಏಳು ವರ್ಷದಿಂದ ಕಟಿಂಗ್ ಟೇಬಲ್ಲಿನ ಮುಂದೆ ನಿಂತವನಿಗೆ, ಏಳನೆಯ ದಿನವಾದರೂ ಕೂತು ಮಾಡುವ ಕೆಲಸ ಬೇಕು ಅನ್ನಿಸಿ, ಹಳೆಯ ಬುಲೆಟ್ ಒಂದನ್ನು ತಂದು ಊರಿನ ‘ಕೋಟೆ ಸವಾರರ ಬಳಗ’ಕ್ಕೆ ಸೇರಿಕೊಂಡಿದ್ದ. ಹೆಸರು ಕೇಳಿದರೆ ಖುರಪುಟದ ಸದ್ದು ಬರಬೇಕು. ಎದುರಿಗೆ ಬಂದರೆ ಹನ್ನೊಂದು ಗಾಡಿ, ಅದರಲ್ಲೊಂದು ಎಕ್ಸೆಲ್ ಮೊಪೆಡ್.

ಆ ಮೊಪೆಡ್ ಮರುಳಪ್ಪ ಮೇಸ್ತ್ರಿಯದು. ಊರಿನ ಅರ್ಧದಷ್ಟು ಹೊಲಿಗೆ ಮಷೀನುಗಳಿಗೆ ಅವರೇ ವೈದ್ಯರು. ಸ್ವಂತಕ್ಕೆ ಮಾತ್ರ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕಣ್ಣು ಮಂಜಾಗಿ ಕೂತಲ್ಲೇ ವಾಲುವ ಮನುಷ್ಯ. ಆದ್ದರಿಂದ ಭಾನುವಾರ ಬೆಳಗಿನ ಐದೂವರೆಗೆ, ಬಳಗ ರತ್ನಗಿರಿ ಕೋಟೆಗೆ ಹೊರಡುವ ಮುಂಚೆ, ಅವರ ಹೆಂಡತಿ ಗುರುಬಸಮ್ಮ ಕೈಚೀಲ ಹಿಡಿದು ಬಂದಿದ್ದು ಗಂಡನ ಹತ್ತಿರವಲ್ಲ, ತಿಪ್ಪೇಶನ ಹತ್ತಿರ.

“ಇದರಾಗ ಚಪಾತಿ ಡಬ್ಬಿ ಐತಿ, ಫೋನೂ ಐತಿ. ಅವರ ಕೈಯಾಗ ಕೊಟ್ರ ಎಲ್ಲೋ ಮರತು ಬರ್ತಾರ. ಹತ್ತಕ್ಕ ತಿನ್ನಿಸ್ಬೇಕು ನೋಡಪಾ. ಇಲ್ಲಾಂದ್ರ ಗಾಡಿ ಮ್ಯಾಲಿಂದ ಬಿದ್ದೇ ಬಿಡ್ತಾರ.”

“ನಾ ಅವರ ಬೆನ್ನಿಗೇ ಇರ್ತೀನ್ರಿ ಅಕ್ಕಾ,” ಅಂದ ತಿಪ್ಪೇಶ. ಆ ಮಾತು ಅಮರಾಪುರದವರೆಗೆ ನಿಂತಿತು. ಅವನ ಮಾತಿನ ಸರಾಸರಿ ಆಯಸ್ಸಿಗೆ ಅದು ಹೆಚ್ಚೇ.

ಬಳಗಕ್ಕೆ ಒಂದು ಕಟ್ಟುಪಾಡಿತ್ತು. ದಾರಿ ಕವಲೊಡೆದಲ್ಲೆಲ್ಲ ಮುಂದಾಳಿನ ಹಿಂದಿರುವವನು ಇಳಿದು ನಿಲ್ಲಬೇಕು, ಬಂದವರಿಗೆಲ್ಲ ಕೈ ತೋರಿಸಬೇಕು, ಕೊನೆಯ ಗಾಡಿ ದಾಟಿದ ಮೇಲಷ್ಟೇ ಹೊರಡಬೇಕು. ಕವಲಿನಲ್ಲಿ ಯಾರೂ ಕಾಣದಿದ್ದರೆ ಅಲ್ಲೇ ನಿಲ್ಲಬೇಕು. ಕೊನೆಯ ಗಾಡಿಗೆ ಗುರುತು ಬೇಕಲ್ಲ? ಅದಕ್ಕೆ ತಿಪ್ಪೇಶನೇ ಕಾರ್ಖಾನೆಯ ಚಿಂದಿ ರಾಶಿಯಿಂದ ಮೊಳದುದ್ದದ ನೀಲಿ ಪಟ್ಟಿ ಕತ್ತರಿಸಿ ತಂದಿದ್ದ. ಅದನ್ನು ಮೊಪೆಡ್ಡಿನ ಹ್ಯಾಂಡಲಿಗೆ ಕಟ್ಟಲಾಯಿತು. ಕೊನೆಯವರಾಗುವುದರಲ್ಲಿ ಮೇಸ್ತ್ರಿಗೆ ಪೈಪೋಟಿ ಕೊಡುವವರು ಯಾರೂ ಇರಲಿಲ್ಲ.

ಅಮರಾಪುರದಲ್ಲಿ ಚಹಾ ಕುಡಿಯುವಾಗ ಮುಂದಾಳು ಸಿದ್ದರಾಮೇಶ್, ಸ್ಪೇರ್ ಪಾರ್ಟ್ಸ್ ಅಂಗಡಿಯವನು, ತಿಪ್ಪೇಶನ ಬೆನ್ನು ತಟ್ಟಿದ. “ಇಲ್ಲಿಂದ ಮುಂದ ತಿರುವು ಭಾಳ ಅದಾವ. ನನ್ನ ಹಿಂದ ನೀ ಬರ್ತೀಯೇನಲೇ?”

ಎರಡನೆಯ ಸ್ಥಾನ! ಹನ್ನೊಂದರಲ್ಲಿ ಎರಡನೆಯವನು! ತಿಪ್ಪೇಶ ಮೇಸ್ತ್ರಿಯ ಕಡೆ ನೋಡಿದ. ಅವರು ಮೊಪೆಡ್ಡಿನ ಚೈನು ಬಿಗಿ ಮಾಡುತ್ತ ಕೂತಿದ್ದರು. “ನೀ ನಡೀಯಪಾ, ನಾ ಬರ್ತೀನಿ,” ಅಂದರು. ತಿಪ್ಪೇಶ ನಡೆದ. ಕೈಚೀಲ ಅವನ ಬುಲೆಟ್ಟಿನಲ್ಲೇ ತೂಗಾಡುತ್ತಿತ್ತು.

ಬಂಡೆಗುಡ್ಡಗಳ ನಡುವೆ ರಸ್ತೆ ಹಾವಿನಂತೆ ಹರಿದು, ಒಂದು ಬೇವಿನ ಮರದ ಹತ್ತಿರ ಎರಡಾಯಿತು. ಎಡಕ್ಕೆ ರತ್ನಗಿರಿ, ಬಲಕ್ಕೆ ಗುಡಿಬಂಡೆ. ತಿಪ್ಪೇಶ ಇಳಿದು ನಿಂತ. ಎಂಟು ಗಾಡಿಗಳಿಗೆ ಟ್ರಾಫಿಕ್ ಪೊಲೀಸನ ಗತ್ತಿನಲ್ಲಿ ಎಡಗೈ ಚಾಚಿದ. ಆಮೇಲೆ ಬಿಡುವಾಯಿತು. ಬಿಡುವಾದರೆ ಫೋನು, ಫೋನಿದ್ದರೆ ಫೋಟೊ. ಬುಲೆಟ್ಟಿಗೆ ಒರಗಿ, ಗುಡ್ಡ ಹಿಂದೆ ಬರುವಂತೆ, ಹೊಟ್ಟೆ ಒಳಗೆಳೆದುಕೊಂಡು ಹದಿನಾಲ್ಕು ತೆಗೆದ. ಯಾವುದರಲ್ಲಿ ತಾನು ಕಡಿಮೆ ತಿಪ್ಪೇಶನಂತೆ ಕಾಣುತ್ತೇನೆಂದು ಆರಿಸುತ್ತಿರುವಾಗ ಟುರ್ರೆನ್ನುತ್ತ ಮೊಪೆಡ್ ಬಂತು. ಓರೆಗಣ್ಣಿನಲ್ಲಿ ನೋಡಿದ. ಹ್ಯಾಂಡಲಿನಲ್ಲಿ ನೀಲಿ ಪಟ್ಟಿ ಹಾರುತ್ತಿತ್ತು. ಹೆಬ್ಬೆರಳೆತ್ತಿದ. ಸವಾರನೂ ಕೈಯೆತ್ತಿ ಎಡಕ್ಕೆ ಹೊರಳಿಕೊಂಡ. ತಿಪ್ಪೇಶ ಬುಲೆಟ್ ಒದ್ದು, ಧೂಳೆಬ್ಬಿಸಿ, ಪಕ್ಕಕ್ಕೂ ನೋಡದೆ ಮೊಪೆಡ್ಡನ್ನು ದಾಟಿ, ರತ್ನಗಿರಿಯ ಕೋಟೆ ಗುಡ್ಡದ ಬುಡ ಮುಟ್ಟಿದ.

ಎಲ್ಲರೂ ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದರು. ಸಿದ್ದರಾಮೇಶ್ ತಲೆ ಎಣಿಸಿದ. ಹತ್ತು.

“ಮೇಸ್ತ್ರಿ ಎಲ್ಲಿ?”

“ಬಂದ್ರು. ನನ್ನ ಹಿಂದೇ ಅದಾರ. ಅಕೋ,” ಎಂದು ತಿಪ್ಪೇಶ ಕೈ ತೋರಿಸಿದ.

ಮೊಪೆಡ್ ಬಂತು. ಅದರ ಮೇಲೆ ತಲೆಗೆ ಟವೆಲ್ ಸುತ್ತಿದ ಯಾರೋ ರೈತ, ಹಿಂದೆ ರೇಷ್ಮೆಹುಳುವಿನ ಸೊಪ್ಪಿನ ಹೊರೆ. ಹ್ಯಾಂಡಲಿಗೆ ಜೀನ್ಸ್ ಪಟ್ಟಿ, ಹೊರೆಗೂ ಜೀನ್ಸ್ ಪಟ್ಟಿ. ತಿಪ್ಪೇಶನನ್ನು ಕಂಡು ಅವನು ಹಳೆಯ ಗೆಳೆಯನಂತೆ ಮತ್ತೊಮ್ಮೆ ಕೈಯೆತ್ತಿ ಹೋದ.

ಒಂಬತ್ತು ಐವತ್ತು. ತಿಪ್ಪೇಶ ಮೇಸ್ತ್ರಿಯ ನಂಬರ್ ಒತ್ತಿದ. ಅವನದೇ ಬುಲೆಟ್ಟಿನ ಕೈಚೀಲದೊಳಗಿಂದ, ಚಪಾತಿ ಡಬ್ಬಿಯ ಪಕ್ಕದಿಂದ ಫೋನು ಹಾಡಿತು.

“ಹೆಂಗಲೇ ಆತು?” ಅಂದ ಸಿದ್ದರಾಮೇಶ್.

“ಪಟ್ಟಿ ನೋಡಿದೆ. ಮುಖ ನೋಡ್ಲಿಲ್ಲ,” ಅಂದ ತಿಪ್ಪೇಶ. ಉಳಿದವರು ಏಳುವ ಮೊದಲೇ ಅವನ ಗಾಡಿ ತಿರುಗಿತ್ತು.

ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಅಮರಾಪುರದ ಕಡೆಯ ರಸ್ತೆಯೂ ಕಣ್ಣಳತೆಯವರೆಗೆ ಖಾಲಿ. ಎಡಕ್ಕೆ ಬಂದಿದ್ದರೆ ಎದುರಾಗಬೇಕಿತ್ತು. ಹಾಗಾದರೆ ಬಲಕ್ಕೇ ಹೋಗಿರಬೇಕು. ಗುಡಿಬಂಡೆ ರಸ್ತೆಯಲ್ಲಿ ಒಂದೊಂದು ತಿರುವಿಗೂ ಬುಲೆಟ್ ನಿಧಾನ ಮಾಡಿ ಚರಂಡಿಯೊಳಗೆ, ಲಂಟಾನದ ಪೊದೆಯೊಳಗೆ ಇಣುಕಿದ. ಬೆಳಿಗ್ಗೆ ಈ ತಿರುವುಗಳಿಗಾಗಿಯೇ ಬಂದಿದ್ದ. ಈಗ ಈ ರಸ್ತೆ ಹಾಕಿದವನಿಗೆ ನೆಟ್ಟಗೆ ಹಾಕಲು ಏನಾಗಿತ್ತು ಅನ್ನಿಸುತ್ತಿತ್ತು. ಒಂದು ಕಡೆ ಹಳ್ಳದಲ್ಲಿ ಕಪ್ಪಗೆ ಏನೋ ಬಿದ್ದಿತ್ತು. ಇಳಿದು ಹೋಗಿ ನೋಡಿದ. ಹರಿದ ಟೈರು.

ಹತ್ತೂವರೆಗೆ ಕೈಚೀಲ ಮತ್ತೆ ಹಾಡಿತು. ಗುರುಬಸಮ್ಮ.

“ತಿಂದ್ರೇನು?”

“ತಿನ್ನಾಕ ಹತ್ಯಾರ್ರಿ ಅಕ್ಕಾ.”

“ಫೋನ್ ಕೊಡು ಅವರಿಗೆ.”

“ಕೈ ಎಂಜಲ ಐತ್ರಿ.”

“ಆಯ್ತು. ತೊಳಕೊಂಡ ಮ್ಯಾಲೆ ಮಾಡ್ಸು.”

ಇನ್ನೊಂದು ತಿರುವು ದಾಟಿದಾಗ ಎಕ್ಸೆಲ್ ಕಂಡಿತು. ಹೆಂಚಿನ ಮನೆಯೊಂದರ ಮುಂದೆ ಸ್ಟ್ಯಾಂಡ್ ಹಾಕಿತ್ತು. ಹ್ಯಾಂಡಲಿಗೆ ಹೆಲ್ಮೆಟ್ಟು, ಪಕ್ಕದಲ್ಲಿ ಅವನು ಕತ್ತರಿಸಿದ ನೀಲಿ ಪಟ್ಟಿ. ಮನುಷ್ಯನಿಲ್ಲ. ಒಳಗೆ ಮಲಗಿಸಿದ್ದಾರೆಯೇ? ಗಾಡಿ ನಿಲ್ಲಿಸಿದವನಿಗೆ ಇಳಿಯಲು ಕಾಲು ಬರಲಿಲ್ಲ. ಸಾವಿರಾರು ಕಾಲು ಕತ್ತರಿಸಿದವನಿಗೆ ತನ್ನವೆರಡು ಎಲ್ಲಿವೆಯೆಂದು ತಿಳಿಯಲಿಲ್ಲ.

ಆಗ ಒಳಗಿಂದ ಟಕಟಕಟಕ ಸದ್ದು ಬಂತು. ನಿಂತಿತು. ಮತ್ತೆ ಟಕಟಕಟಕ. ಹೊಲಿಗೆ ಮಷೀನು. ಜೊತೆಗೆ ಮೇಸ್ತ್ರಿಯ ದನಿ. “ಇಷ್ಟು ದಿನ ಇದಕ್ಕ ಎಣ್ಣಿ ಹಾಕಿಲ್ಲೇನಮ್ಮಾ ನೀವು? ಪಾಪ, ಅದೂ ಜೀವ ಅಲ್ಲೇನು?”

ತಿಪ್ಪೇಶ ಕೈಚೀಲ ಹಿಡಿದು ಬಾಗಿಲಿಗೆ ಓಡಿದ. ಪಡಸಾಲೆಯಲ್ಲಿ ಮೇಸ್ತ್ರಿ ಕನ್ನಡಕ ಮೂಗಿನ ತುದಿಗಿಳಿಸಿ ಮಷೀನಿನ ಹೊಟ್ಟೆಯೊಳಗೆ ಕೈಯಿಟ್ಟಿದ್ದರು. ಪಕ್ಕದಲ್ಲಿ ಮುದ್ದೆ ಉಂಡ ತಟ್ಟೆ. ಮನೆಯಾಕೆ ಪುಟ್ಟಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

“ನೀನೇ ಏನಪ್ಪಾ, ಇವ್ರನ್ನ ದಾರೀಲಿ ಬಿಟ್ಟೋದೋನು? ಮಕ ನೋಡಿದ್ರೆ ಅಂಗ್ ಕಾಣಾಕಿಲ್ಲ.”

“ಕಾಣಂಗಿಲ್ರಿ, ಆದ್ರ ಅವನಾ ನಾನು, ಅಕ್ಕಾ.”

ಮೇಸ್ತ್ರಿ ತಲೆಯೆತ್ತದೆ ಹೇಳಿದರು. “ತಿರುವಿನ್ಯಾಗ ನೀ ನಿಲ್ಲಬೇಕಿತ್ತು. ನೀ ಇರ್ಲಿಲ್ಲ, ಅದಕ್ಕ ನಾ ನಿಂತೆ. ಹೊತ್ತಾತು, ಕಣ್ಣು ಮಂಜಾಗಾಕ ಹತ್ತಿದ್ವು. ದಾರಿ ಆಮ್ಯಾಲೆ, ಮೊದಲು ಹೊಟ್ಟಿ ಅಂದು ಗಾಡಿ ಮೆಲ್ಲಗ ಬಿಟಗೊಂಡು ಬಂದೆ. ಮೊದಲು ಸಿಕ್ಕ ಮನಿ ಇದು.”

“ಹಜಾರಕ್ಕೆ ಬಂದು, ‘ಅಮ್ಮಾ, ಒಂದ್ ತುತ್ತು ಐತಾ’ ಅಂದ್ರು. ಮುದ್ದೆ ಆಗ್ತಾನೆ ಇಳಿಸಿದ್ದೆ,” ಅಂದಳು ಪುಟ್ಟಕ್ಕ. “ಉಂಡೋರು ಸುಮ್ಕೆ ಕುಂತ್ಕಬೇಕೋ ಬ್ಯಾಡ್ವೋ? ಕೆಟ್ಟೋಗಿದ್ದ ಮಿಷನ್ ಬಿಚ್ಕಂಡ್ ಕುಂತವ್ರೆ.”

ಮಷೀನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಕೌದಿ ಇತ್ತು. ತಿಪ್ಪೇಶ ಹತ್ತಿರ ಹೋಗಿ ನೋಡಿದ. ಪೂರ್ತಿ ಜೀನ್ಸ್ ಚಿಂದಿ. ಪ್ಯಾಂಟಿನ ಕಾಲು ಕತ್ತರಿಸಿದ ಮೇಲೆ ಉಳಿಯುವ ಬಾಗಿದ ತುಂಡುಗಳು.

“ಇದೆಲ್ಲಿಂದ ತಂದ್ರಿ?”

“ಸಂತೇಲಿ ಮೂಟೆಗಟ್ಲೆ ಬತ್ತೈತೆ ಕಣಪ್ಪ. ಎಮ್ಮೆ ಹಗ್ಗಕ್ಕೂ ಅದೇ, ಸೊಪ್ಪಿನ ಹೊರೆಗೂ ಅದೇ. ಈ ಕಡೆ ಅದು ಕಟ್ದೇ ಇರೋ ಗಾಡಿ ಎಲ್ಲೈತೆ?”

ತಾನು ಏಳು ವರ್ಷ ಕತ್ತರಿಸಿ ಬಿಸಾಕಿದ ಚೂರುಗಳೆಲ್ಲ ಇಲ್ಲಿ ಯಾರನ್ನೋ ಚಳಿಯಿಂದ ಕಾಯುತ್ತಿವೆಯೆಂದು ತಿಳಿದು ತಿಪ್ಪೇಶನಿಗೆ ಒಳಗೊಳಗೇ ಹಿಗ್ಗಾಯಿತು. ಆದರೆ ಬಳಗದಲ್ಲಿ ಈ ಚಿಂದಿಯನ್ನು ನಂಬಿ ಮೋಸಹೋದವನು ಅದನ್ನು ಕತ್ತರಿಸಿದವನೇ ಎಂಬುದೂ ನೆನಪಾಯಿತು. ಪುಟ್ಟಕ್ಕ ಇನ್ನೊಂದು ತಟ್ಟೆ ತಂದಿಟ್ಟಳು. ಹುರುಳಿಸಾರು ಗಂಟಲಲ್ಲಿ ಇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದುಕೊಳ್ಳಲು ಅಡ್ಡಿಯಿರಲಿಲ್ಲ.

ಸಿದ್ದರಾಮೇಶನಿಗೆ ಫೋನು ಮಾಡಿ ಮೇಸ್ತ್ರಿ ಸಿಕ್ಕರೆಂದು ಹೇಳಿ ಮುಗಿಸುವಷ್ಟರಲ್ಲಿ ಕೈಚೀಲ ಮೂರನೆಯ ಸಲ ಹಾಡಿತು. ಈ ಸಲ ಮೇಸ್ತ್ರಿಗೇ ಕೊಟ್ಟು, ಸುಮ್ಮನಿರಿ ಎಂದು ಕಣ್ಣಿನಲ್ಲೇ ಕೈ ಮುಗಿದ. ಮೇಸ್ತ್ರಿ ಅರ್ಥಮಾಡಿಕೊಂಡು ತಲೆಯಾಡಿಸಿದರು.

“ಹ್ಞೂ, ತಿಂದೆ. ಹೊಟ್ಟಿ ತುಂಬ. ಎರಡು ಮುದ್ದಿ.”

ಫೋನಿನಲ್ಲಿ ಗುರುಬಸಮ್ಮನ ದನಿ ಪುಟ್ಟಕ್ಕನಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು. “ನಾ ಕಟ್ಟಿದ್ದು ಚಪಾತಿ. ತಿಪ್ಪೇಶನ ಕೈಗೆ ಕೊಡ್ರಿ ಫೋನು.”

ತಿಪ್ಪೇಶ ನಿಜ ಹೇಳಿದ. ಕವಲು, ಫೋಟೊ, ಸೊಪ್ಪಿನ ಹೊರೆ, ಎಲ್ಲ. ಅವಳು ಬೈಯಲಿಲ್ಲ. “ಈಗ ಹೆಂಗದಾರ?” ಅಂದಳು. “ಮಷೀನ್ ರಿಪೇರಿ ಮಾಡಾಕ ಹತ್ಯಾರ್ರಿ.” ಆ ಕಡೆಯಿಂದ ಉದ್ದನೆಯ ನಿಟ್ಟುಸಿರು ಬಂತು. “ಹಂಗಾರ ಆರಾಮ ಅದಾರ ಬಿಡು.”

ವಾಪಸು ಬರುವಾಗ ನೀಲಿ ಪಟ್ಟಿಯನ್ನು ತಿಪ್ಪೇಶ ತಾನೇ ಬಿಚ್ಚಿ ಬುಲೆಟ್ಟಿಗೆ ಕಟ್ಟಿಕೊಂಡ. ಮೇಸ್ತ್ರಿಯ ಮೊಪೆಡ್ಡಿನ ಹಿಂದೆ, ಸೈಕಲ್ಲಿನವರು ದಾಟಿ ಹೋಗುವ ವೇಗದಲ್ಲಿ, ರಾಯದುರ್ಗದವರೆಗೂ ಅವರ ಬೆನ್ನನ್ನೇ ನೋಡುತ್ತ ಬಂದ. ಅಷ್ಟು ಚೆಂದದ ಬೆನ್ನನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ಗುರುಬಸಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕಳಿಸಿದಳು. ಕೈಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತಿಪ್ಪೇಶನ ಮುಂದೆ ಹಿಡಿದಳು. ಆರು ಚಪಾತಿ, ಬೆಳಗಿನವು, ಚಕ್ಕಳದಂತಾಗಿದ್ದವು.

“ತಿನ್ನು.”

“ಅಕ್ಕಾ, ಮುದ್ದಿ ಉಂಡೀನ್ರಿ…”

“ಕೈ ಎಂಜಲ ಐತಿ ಅಂದಿದ್ದಿ ಅಲ್ಲ? ಈಗ ನಿನ್ನ ಕೈ ಎಂಜಲ ಮಾಡ್ಕೊ.”

ತಿಪ್ಪೇಶ ಕಟ್ಟೆಯ ಮೇಲೆ ಕೂತು ಆರನ್ನೂ ತಿಂದ. ಐದನೆಯದಕ್ಕೆ ಅವಳು ನಗುತ್ತ ಒಳಗಿಂದ ಚಟ್ನಿ ತಂದುಕೊಟ್ಟಳು.