ಮಲ್ಲಿಗೆ ತಿನ್ನುತ್ತಿದ್ದ ಈಮು

ನನ್ನ ಸೋದರಮಾವ ಮಸ್ಕತ್ತಿನಲ್ಲಿ ಬಹಳ ವರ್ಷ ದುಡಿದು ಕಾಪುವಿಗೆ ಮರಳಿದಾಗ ಅವರಿಗೆ ಇದ್ದದ್ದು ಒಂದೇ ಆಸೆ. ಪ್ರಾಣಿ ಸಾಕಬೇಕು. ಅಲ್ಲಿ ಆರು ಮಂದಿ ಮಲಗುವ ಕೋಣೆಯಲ್ಲಿ ಒಂದು ಗಿಳಿಗೂ ಜಾಗ ಇರಲಿಲ್ಲವಂತೆ. ಊರಿಗೆ ಬಂದವರೇ ಮೊದಲು ಮೊಲ ತಂದರು. ಅವು ಕಂಪೌಂಡಿನ ಅಡಿಯಲ್ಲಿ ಬಿಲ ಕೊರೆದು ಪಕ್ಕದ ಮನೆಯ ಬಸಳೆ ಚಪ್ಪರದ ಬುಡದಲ್ಲಿ ಎದ್ದವು. ಆಮೇಲೆ ಟರ್ಕಿ ಕೋಳಿ ಬಂತು. ಅದಕ್ಕೆ ಹೆದರಿ ಕರೆಂಟ್ ಮೀಟರ್ ನೋಡಲು ಬರುವವನು ಗೇಟಿನ ಹೊರಗೇ ನಿಂತು, "ಎಷ್ಟಾಗಿದೆ ಅಂತ ನೀವೇ ಓದಿ ಹೇಳಿ" ಎಂದು ಕೂಗುತ್ತಿದ್ದ. ಟರ್ಕಿ ಒಂದು ದಿನ ನಾಯಿಯ ಬಾಯಿಗೆ ಹೋಯಿತು. ಮಾವ ಅವತ್ತು ಊಟ ಮಾಡಲಿಲ್ಲ. ಮಾಮಿ ಎರಡು ಸಲ ಬಡಿಸಿಕೊಂಡರು.

ಆ ಹೊತ್ತಿಗೆ ನಾನು ಅವರ ಮನೆ ಸೇರಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದ ಕಾಲ ಅದು. ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಹಾಸ್ಟೆಲಿಗಿಂತ ಮಾವನ ಮನೆಯೇ ಒಳ್ಳೆಯದೆಂದು ಅಮ್ಮ ತೀರ್ಮಾನಿಸಿದ್ದರು. ಮಾವನ ಮಗಳು ಮದುವೆಯಾಗಿ ಮುಂಬೈಯಲ್ಲಿದ್ದುದರಿಂದ ಅವಳ ಕೋಣೆ ನನ್ನದಾಯಿತು. ಕಿಟಕಿ ತೆರೆದರೆ ಮಾಮಿಯ ಮಲ್ಲಿಗೆ ಗಿಡಗಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಅಂಗಳದಲ್ಲಿ ಮಲ್ಲಿಗೆ ಬೆಳೆದು ಮಾರುತ್ತಾರೆ. ಮಾಮಿ ಬೆಳಿಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಹೂವು ಒಯ್ಯುವ ರಿಕ್ಷಾದವನ ಕೈಗೆ ಕೊಟ್ಟ ಮೇಲೆಯೇ ಮುಖಕ್ಕೆ ನೀರು ಹಾಕುತ್ತಿದ್ದದ್ದು.

ಒಂದು ಭಾನುವಾರ ಗೇಟಿನ ಮುಂದೆ ಟೆಂಪೋ ನಿಂತಿತು. ಹಿಂದುಗಡೆ ಗೋಣಿಯಲ್ಲಿ ಸುತ್ತಿದ ಉದ್ದನೆಯ ಕಟ್ಟೊಂದಿತ್ತು. ಹಳೆಯ ಹಾಸಿಗೆ ಇರಬೇಕೆಂದು ಮಾಮಿ ಕೈ ಹಾಕಿದರು. ಹಾಸಿಗೆ ಕಣ್ಣು ಬಿಟ್ಟಿತು.

"ಎಂತ ಮಾರಾಯ್ರೆ ಇದು?"

"ಈಮು," ಎಂದರು ಮಾವ. "ಆಸ್ಟ್ರೇಲಿಯದ ಹಕ್ಕಿ."

"ಆಸ್ಟ್ರೇಲಿಯದ್ದಕ್ಕೆ ಕಾಪುವಿನಲ್ಲಿ ಎಂತ ಕೆಲಸ?"

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾಮಿಯ ಸಿಟ್ಟು ಸ್ವಲ್ಪ ಕಡಿಮೆಯಾಗಿ ಕೇಳಿಸಿದರೆ ಅದು ನನ್ನ ಅನುವಾದದ ದೋಷ.

ಸಂಗತಿ ಇಷ್ಟೇ. ಆಗ ಎಲ್ಲ ಕಡೆ ಈಮು ಸಾಕುವ ಹುಚ್ಚು ಹಬ್ಬಿತ್ತು. ಕಾರ್ಕಳದ ಹತ್ತಿರ ತೋಟ ಇದ್ದ ಮಾವನ ಗೆಳೆಯರೊಬ್ಬರು ಒಂದಷ್ಟು ಈಮು ತಂದು, ಸಾಕಲಾರದೆ ಹೆಚ್ಚಿನವನ್ನು ಅವರಿಗೆ ಇವರಿಗೆ ಹಂಚಿದ್ದರು. ಮಾವನ ಪಾಲಿಗೆ ಬಂದದ್ದು ಇದು. ಮಾವನಷ್ಟೇ ಎತ್ತರ. ಮೈಮೇಲೆ ಒಣಹುಲ್ಲಿನ ಬಣವೆಯಂಥ ಕಂದು ಪುಕ್ಕ, ನೀಲಿ ಕುತ್ತಿಗೆ, ಯಾರ ಮೇಲೂ ನಂಬಿಕೆ ಇಲ್ಲದ ಕಿತ್ತಳೆ ಬಣ್ಣದ ಕಣ್ಣು. ಪಕ್ಕದ ಜಾಗದಲ್ಲಿ ಮನೆ ಕಟ್ಟುತ್ತಿದ್ದ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ತಲೆಯ ಮೇಲಿನ ಕೆಂಪುಕಲ್ಲನ್ನು ಇಳಿಸುವುದನ್ನೂ ಮರೆತು ನೋಡುತ್ತ ನಿಂತಳು.

"ಏನ್ರೀ ಇದು, ಒಂಟಿನೋ ಕೋಳಿನೋ?"

"ಎರಡೂ ಅಲ್ಲ. ಗಂಡು ಈಮು," ಎಂದರು ಮಾವ ಹೆಮ್ಮೆಯಿಂದ.

ಗಂಡು ಎಂದು ಹೇಗೆ ಗೊತ್ತು ಎಂದು ನಾನು ಕೇಳಿದೆ. "ನಡೆಯುವ ಗತ್ತು ನೋಡು. ಗೊತ್ತಾಗುವುದಿಲ್ವಾ?" ಎಂದರು. ಗೊತ್ತಾಗದಿದ್ದರೂ ತಲೆ ಅಲ್ಲಾಡಿಸಿದೆ.

ಮರುದಿನ ಬೆಳಿಗ್ಗೆ ಮಾಮಿಯ ಕೂಗಿಗೆ ನಾನು ಎಚ್ಚರಗೊಂಡೆ. ಕಿಟಕಿಯಿಂದ ನೋಡಿದರೆ ಮಾಮಿ ಗಿಡದ ಈ ಕಡೆ, ಈಮು ಆ ಕಡೆ. ಇಬ್ಬರೂ ಮೊಗ್ಗು ಕೊಯ್ಯುತ್ತಿದ್ದರು. ಮಾಮಿ ಒಂದು ಕೊಯ್ದು ಬುಟ್ಟಿಗೆ ಹಾಕುವಷ್ಟರಲ್ಲಿ ಅದು ನಾಲ್ಕು ಕೊಯ್ದು ನುಂಗುತ್ತಿತ್ತು. ಮಾಮಿ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿದರು. ಅದು ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡು ಅದನ್ನೂ ನುಂಗಿತು.

ಮಾವ ಗಿಡಗಳ ಸುತ್ತ ಬಲೆ ಕಟ್ಟಿದರು. ಬಲೆಯ ಕಣ್ಣಿನೊಳಗಿಂದ ಅದರ ಕುತ್ತಿಗೆ ಸಲೀಸಾಗಿ ಹೋಗುತ್ತಿತ್ತು. ತಗಡು ಇಟ್ಟರು, ಮೇಲಿನಿಂದ ಬಗ್ಗಿತು. ಕೊನೆಗೆ ಮಾಮಿ ದಿನವೂ ಒಂದು ಗಿಡವನ್ನು ಅದಕ್ಕೆಂದೇ ಬಿಟ್ಟು ಉಳಿದವುಗಳ ಮುಂದೆ ಕಾವಲು ನಿಲ್ಲತೊಡಗಿದರು. "ನನ್ನ ಮಲ್ಲಿಗೆ ತಲೆಗೆ ಮುಡಿಯುವುದಕ್ಕೆ. ಇದರ ಹೊಟ್ಟೆಗಲ್ಲ" ಎಂದು ಅದರ ಮುಖಕ್ಕೇ ಹೇಳುತ್ತಿದ್ದರು. ಅದು ತಲೆ ಓರೆ ಮಾಡಿ ಕೇಳಿ, ಅವರ ರವಿಕೆಯ ಹೊಳೆಯುವ ಗುಂಡಿಗೆ ಕೊಕ್ಕು ಹಾಕುತ್ತಿತ್ತು.

ಮಳೆ ಪೂರ್ತಿ ಹೋಗಿ ಬೆಳಗಿನ ಹೊತ್ತು ಸ್ವಲ್ಪ ಚಳಿ ಬೀಳತೊಡಗಿದಾಗ ಸದ್ದು ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಎಲ್ಲಿಂದಲೋ ಡುಂ, ಡುಂ, ಡುಂ ಎಂದು ಬರುತ್ತಿತ್ತು. ಖಾಲಿ ಡ್ರಮ್ಮಿನೊಳಗೆ ಕುಳಿತು ಯಾರೋ ಮೆತ್ತಗೆ ಬಡಿದ ಹಾಗೆ. ಹೊರಗೆ ಹೋಗಿ ನೋಡಿದರೆ ಯಾರೂ ಇಲ್ಲ. ಈಮು ಮಾತ್ರ ಬಾವಿಕಟ್ಟೆಯ ಹತ್ತಿರ ಬಾಯಿ ಮುಚ್ಚಿಕೊಂಡು ನಿಂತಿರುತ್ತಿತ್ತು. ಬಾಯಿ ಮುಚ್ಚಿದ ಹಕ್ಕಿಯ ಮೇಲೆ ಯಾರಿಗೆ ಸಂಶಯ ಬರುತ್ತದೆ?

ನಾಲ್ಕೈದು ದಿನ ಕಳೆದ ಮೇಲೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಮೊಲಗಳ ಕಾಲದಿಂದಲೂ ಅವರು ಮಾವನೊಡನೆ ಅಷ್ಟಕ್ಕಷ್ಟೇ. ಜಗಲಿಯಲ್ಲಿ ಕುಳಿತು ಸ್ವರ ತಗ್ಗಿಸಿ ಹೇಳಿದರು:

"ಹೀಗೆ ಹೇಳುತ್ತೇನೆಂದು ಬೇಸರ ಮಾಡಬೇಡಿ. ನಿಮ್ಮ ಜಾಗದಲ್ಲಿ ಎಂತದೋ ಉಂಟು. ಹಿಂದೆ ಯಾರೋ ನಂಬಿಕೊಂಡು ಬಂದು ಬಿಟ್ಟುಬಿಟ್ಟ ದೈವ. ಜೋಯಿಸರನ್ನು ಕರೆಸಿ ಒಂದು ಪ್ರಶ್ನೆ ಇಡಿಸಿ ನೋಡಿ."

"ಅದೆಲ್ಲ ಎಂತ ಇಲ್ಲ ಮೇಷ್ಟ್ರೆ, ಗಾಳಿಯ ಶಬ್ದ," ಎಂದು ಮಾವ ನಕ್ಕರು. ಮೇಷ್ಟ್ರು ಗೇಟು ದಾಟಿದ್ದೇ ತಡ ಒಳಗೆ ಬಂದು ಜೋಯಿಸರ ಫೋನ್ ನಂಬರು ಹುಡುಕತೊಡಗಿದರು.

ಜೋಯಿಸರು ಬರುವ ಮೊದಲೇ ಮಾಮಿ ಕಂಡುಹಿಡಿದರು. ಒಂದು ಸಂಜೆ ಅವರು ಹಿಂದಿನ ಜಗಲಿಯಲ್ಲಿ ಕುಳಿತು ಬಾಳೆನಾರು ಸೀಳುತ್ತಿದ್ದಾಗ ಈಮು ಪಕ್ಕಕ್ಕೆ ಬಂದು ನಿಂತಿತಂತೆ. ಡುಂ ಎಂದು ಕೇಳಿದ್ದೂ ಅದರ ಕುತ್ತಿಗೆಯ ಬುಡ ಚೀಲದ ಹಾಗೆ ಉಬ್ಬಿದ್ದೂ ಒಟ್ಟಿಗೇ ಆಯಿತು. ಮಾಮಿ ಧೈರ್ಯ ಮಾಡಿ ಅಲ್ಲಿ ಅಂಗೈ ಇಟ್ಟರು.

"ಇಲ್ಲಿ ಬನ್ನಿ ಮಾರಾಯ್ರೆ! ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿ ನಿಂತಿದೆ!"

ನಾವಿಬ್ಬರೂ ಓಡಿದೆವು. ಒಬ್ಬರಾದ ಮೇಲೆ ಒಬ್ಬರು ಕೈ ಇಟ್ಟು ನೋಡಿದೆವು. ಅಂಗೈ ಅದುರುತ್ತಿತ್ತು. ಬಾಯಿ ತೆರೆಯದೆ, ಎದೆಯೊಳಗೇ ಅಷ್ಟು ದೊಡ್ಡ ಸದ್ದನ್ನು ಹೊರಡಿಸುವ ಜೀವವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೇಷ್ಟ್ರಿಗೆ ಹೇಳಿ ಕಳಿಸಿದೆವು. ಅವರು ಬಂದು, ಕನ್ನಡಕ ಸರಿಮಾಡಿಕೊಂಡು, ಅದರ ಎದೆಗೆ ಕಿವಿಯಿಟ್ಟರು. ಅಷ್ಟರಲ್ಲಿ ಅದು ಅವರ ಜೇಬಿನಿಂದ ಪೆನ್ನಿನ ಮುಚ್ಚಳ ಎಳೆದು ನುಂಗಿತು.

"ನಲವತ್ತು ಮಕ್ಕಳ ಕ್ಲಾಸಿನಲ್ಲೂ ಇದು ಹೋಗಿರಲಿಲ್ಲ," ಎಂದರು ಮೇಷ್ಟ್ರು ಮುಚ್ಚಳ ಇಲ್ಲದ ಪೆನ್ನನ್ನು ನೋಡುತ್ತ.

ಆಮೇಲೆ ಈಮುವಿನ ಚಡಪಡಿಕೆ ಜಾಸ್ತಿಯಾಯಿತು. ಕಂಪೌಂಡಿನ ಉದ್ದಕ್ಕೂ ಹೋಗುವುದು, ಬರುವುದು, ಗೇಟಿನ ಮುಂದೆ ನಿಂತು ಡುಂ ಡುಂ ಎನ್ನುವುದು. ಒಂದು ದಿನ ಗ್ಯಾಸ್ ಸಿಲಿಂಡರ್ ತಂದವನು ಗೇಟು ತೆರೆದಿಟ್ಟ. ಈಮು ಅವನ ಪಕ್ಕದಲ್ಲೇ ಹೊರಗೆ ಹೋಯಿತು. ಹೊರಗೆ ಹೋದದ್ದೇ ಓಡಿತು.

ಅವತ್ತು ನನಗೆ ರಜೆ. ಮಾವ ಲುಂಗಿ ಎತ್ತಿ ಕಟ್ಟಿ ಓಡಿದರು, ಅವರ ಹಿಂದೆ ನಾನು. ಹೈವೇ ತಲುಪುವಾಗ ಅದು ಆಗಲೇ ಪೇಟೆಯ ಕಡೆ ತಿರುಗಿತ್ತು. ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸೊಂದು ಅದರ ಹಿಂದೆ ಹಾರ್ನ್ ಹಾಕುತ್ತ ನಿಧಾನಕ್ಕೆ ಬರುತ್ತಿತ್ತು. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸು ನಿಧಾನಕ್ಕೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನೇತಾಡುತ್ತ, "ಯಾರದ್ದು ಇದು? ಸೈಡ್ ಕೊಡಲಿಕ್ಕೆ ಹೇಳಿ!" ಎಂದು ಬೊಬ್ಬೆ ಹಾಕುತ್ತಿದ್ದ. ಮಾವ ಒಂದು ಕ್ಷಣ ಇದು ತಮ್ಮದಲ್ಲ ಎನ್ನುವಂತೆ ಅಂಗಡಿಯ ಬೋರ್ಡು ಓದಿದರು. ಆಮೇಲೆ ಪುನಃ ಓಡಿದರು.

ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದು ಹೊಸದಾಗಿ ದೊಡ್ಡ ಗಾಜು ಹಾಕಿಸಿತ್ತು. ಈಮು ಅದರ ಮುಂದೆ ಗಕ್ಕನೆ ನಿಂತಿತು. ಗಾಜಿನೊಳಗೆ ಇನ್ನೊಂದು ಈಮು ನಿಂತಿತ್ತು. ಇದು ಕುತ್ತಿಗೆ ಓರೆ ಮಾಡಿತು, ಅದೂ ಮಾಡಿತು. ಇದು ಎದೆ ಉಬ್ಬಿಸಿ ಡುಂ ಎಂದಿತು. ಅದರಿಂದ ಸದ್ದು ಬರಲಿಲ್ಲ. ಇದು ಪುನಃ ಡುಂ ಎಂದಿತು. ಒಳಗೆ ಮದುವೆಯ ಸೀರೆ ನೋಡುತ್ತಿದ್ದವರೆಲ್ಲ ಸೀರೆ ಹಿಡಿದುಕೊಂಡೇ ಎದ್ದು ನಿಂತರು. ರಸ್ತೆಯಲ್ಲಿ ಜನ ತುಂಬಿತು. ಮೀನು ಮಾರಿ ಬರುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ನಗತೊಡಗಿದರು. ಯಾರೋ ಬಲೆ ತರಲು ಓಡಿದರು. ಮಾವ ಹತ್ತಿರ ಹೋಗಿ, "ಬಾ ಮಗಾ, ಮನೆಗೆ ಹೋಗುವ" ಎಂದರು. ಅದು ಹಿಂದಕ್ಕೆ ಒಂದು ಒದೆ ಕೊಟ್ಟಿತು. ಮಾವನ ಲುಂಗಿ ಉದ್ದಕ್ಕೆ ಹರಿಯಿತು.

ಅಷ್ಟರಲ್ಲಿ ರಿಕ್ಷಾದಿಂದ ಮಾಮಿ ಇಳಿದರು. ಕಂಕುಳಲ್ಲಿ ಹೂವಿನ ಬುಟ್ಟಿ. ಮದುವೆಯೊಂದಕ್ಕೆಂದು ಅವತ್ತು ಕಟ್ಟಿಟ್ಟಿದ್ದ ಮಲ್ಲಿಗೆ ಅಷ್ಟೂ ಅದರಲ್ಲಿತ್ತು. ಯಾರ ಕಡೆಗೂ ನೋಡದೆ ನೇರ ಈಮುವಿನ ಬಳಿ ಹೋಗಿ, ಸುತ್ತಿಟ್ಟ ಮಲ್ಲಿಗೆಯ ಒಂದು ಚೆಂಡು ಬಿಚ್ಚಿ, ಅಂಗೈಯಲ್ಲಿ ಮೊಗ್ಗು ಹಿಡಿದರು. ಅದು ಗಾಜನ್ನು ಇನ್ನೊಮ್ಮೆ ನೋಡಿ, ಕತ್ತು ಇಳಿಸಿ ತಿಂದಿತು. ಮಾಮಿ ಎರಡು ಹೆಜ್ಜೆ ಹಿಂದಕ್ಕೆ ಇಟ್ಟರು. ಅದೂ ಬಂತು.

ಹಾಗೆ ನಾವು ಮನೆಗೆ ಹೊರಟೆವು. ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಮೊಗ್ಗು ತಿನ್ನಿಸುವ ಮಾಮಿ, ನಡುವೆ ಈಮು, ಹಿಂದೆ ಹರಿದ ಲುಂಗಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಲಾರಿಗಳನ್ನು ನಿಲ್ಲಿಸುವ ಮಾವ. ಮಾಮಿ ಎಡವದಂತೆ ಅವರ ಸೆರಗು ಹಿಡಿದು ದಾರಿ ತೋರಿಸುವವಳು ನಾನು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವರೊಬ್ಬರು ಭಕ್ತಿಯಿಂದ, "ಯಾವ ಕಡೆಯ ಮೆರವಣಿಗೆ?" ಎಂದು ಕೇಳಿದರು. ಮನೆ ಮುಟ್ಟುವಾಗ ಬುಟ್ಟಿಯಲ್ಲಿ ಬಾಳೆನಾರು ಮಾತ್ರ ಉಳಿದಿತ್ತು. ಮದುವೆಯ ಮನೆಯವರಿಗೆ ಫೋನಿನಲ್ಲಿ ಎಂತ ಹೇಳುವುದೆಂದು ಮಾಮಿ ಬಹಳ ಹೊತ್ತು ಯೋಚಿಸಿ, ಕೊನೆಗೆ ನಡೆದದ್ದನ್ನೇ ಹೇಳಿದರು. ಅವರು ನಂಬಲಿಲ್ಲ.

ಆ ವಾರವೇ ಮಲ್ಲಿಗೆ ಗಿಡದ ಬುಡದಲ್ಲಿ ಮಾಮಿಗೆ ಮೊಟ್ಟೆ ಸಿಕ್ಕಿತು. ಕಡು ಹಸಿರು, ಮಾವಿನಕಾಯಿಯಷ್ಟು ದೊಡ್ಡದು, ಮೇಲ್ಮೈ ಸಣ್ಣಗೆ ತರಿತರಿ. ಮಾಮಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಪೇಪರ್ ಓದುತ್ತಿದ್ದ ಮಾವನ ಮಡಿಲಲ್ಲಿಟ್ಟರು.

"ನಿಮ್ಮ ಗಂಡು ಇಟ್ಟದ್ದು."

ಮಾವ ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯಾರಾದರೂ ತಂದಿಟ್ಟಿರಬಹುದು," ಎಂದರು.

ನಾನು ಲೈಬ್ರರಿಯಲ್ಲಿ ಪಕ್ಷಿಗಳ ಪುಸ್ತಕ ಹುಡುಕಿ ಓದಿ ಬಂದೆ. ಅಷ್ಟು ದಿನ ಆ ಪುಸ್ತಕ ನನ್ನ ಮೇಜಿನ ಹಿಂದಿನ ಕಪಾಟಿನಲ್ಲೇ ಇತ್ತು. ಈಮುಗಳಲ್ಲಿ ಎದೆ ಉಬ್ಬಿಸಿ ಡುಂ ಎನ್ನುವುದು ಹೆಣ್ಣು. ಹಾಗೆ ಕರೆಯುವುದು ಗಂಡನ್ನು. ಊಟದ ಹೊತ್ತಿಗೆ ಇದನ್ನು ಹೇಳಿದೆ. ಮಾಮಿ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು.

"ಇಷ್ಟು ದಿನ ಕರೆದದ್ದಾ ಅದು? ಅಂಗಡಿಯ ಗಾಜಿನ ಮುಂದೆಯೂ?"

"ಹೌದು ಮಾಮಿ."

ಮಾಮಿ ಸೌಟನ್ನು ಪಾತ್ರೆಗೆ ಇಳಿಸಿ ಮಾವನ ಕಡೆ ತಿರುಗಿದರು.

"ಅದಕ್ಕೆ ಕರೆಯುವ ಫೋನು ಎದೆಯಲ್ಲೇ ಉಂಟು," ಎಂದರು ಮಾಮಿ. "ನಾನು ಮಸ್ಕತ್ತಿಗೆ ಮಾತಾಡಲಿಕ್ಕೆ ಪ್ರತಿ ಶುಕ್ರವಾರ ಎಸ್‌ಟಿಡಿ ಬೂತಿನಲ್ಲಿ ಕ್ಯೂ ನಿಲ್ಲಬೇಕಿತ್ತು. ಲೈನ್ ಸಿಕ್ಕಿದರೆ ನೀವು ಹೊರಗೆ ಹೋಗಿರುತ್ತಿದ್ದಿರಿ."

ಮಾವ ಅನ್ನ ಕಲಸುವುದನ್ನು ನಿಲ್ಲಿಸಿ, "ಹೊರಗೆ ಅಲ್ಲ ಮಾರಾಯ್ತಿ, ಓವರ್‌ಟೈಮ್" ಎಂದರು. ಸ್ವರ ಮೆತ್ತಗಿತ್ತು. ಮಾಮಿ ಅವರ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದರು.

ಮರುದಿನದಿಂದ ಮಾಮಿ ಮಲ್ಲಿಗೆಗೆ ಕಾವಲು ನಿಲ್ಲಲಿಲ್ಲ. ಮೊಟ್ಟೆಯನ್ನು ಆಮ್ಲೆಟ್ ಮಾಡುವ ಎಂದ ಮಾವನಿಗೆ, "ಮುಟ್ಟಿ ನೋಡಿ, ಗೊತ್ತಾಗುತ್ತದೆ" ಎಂದರು. ಆಮೇಲೆ ಇನ್ನೂ ಎರಡು ಮೊಟ್ಟೆ ಬಂತು. ಒಂದನ್ನು ಮಾತ್ರ ಮಾವನಿಗೆ ಬಿಟ್ಟುಕೊಟ್ಟರು. ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿ ಒಡೆದು ಮಾವ ಮಾಡಿದ ಆಮ್ಲೆಟನ್ನು ಮೇಷ್ಟ್ರ ಮನೆಯವರು, ಕಲ್ಲು ಹೊರುವವರು, ನಾನು, ಎಲ್ಲ ತಿಂದೆವು. ಮಾಮಿ ತಿನ್ನಲಿಲ್ಲ.

ಈಮುವನ್ನು ಒಂಟಿಯಾಗಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಹಟ ಹಿಡಿದವರು ಮಾಮಿಯೇ. ಹಾಗಾದರೆ ಒಂದು ಗಂಡು ತರುವ ಎಂದು ಮಾವನ ಕಣ್ಣು ಅರಳಿತು. "ಗಂಡು ಅಂತ ನೀವು ತರುವುದು ಇನ್ನೆಂತದೋ ಆದೀತು" ಎಂದು ಮಾಮಿ ಆ ಮಾತನ್ನು ಅಲ್ಲೇ ಮುಗಿಸಿದರು. ಕಾರ್ಕಳದ ಗೆಳೆಯರ ತೋಟದಲ್ಲಿ ಒಂದು ಗಂಡು ಇನ್ನೂ ಉಳಿದಿತ್ತು. ಅಲ್ಲಿಗೇ ಕಳಿಸುವುದೆಂದು ನಿರ್ಧಾರವಾಯಿತು. ಟೆಂಪೋ ಬಂದ ದಿನ ಮಾವ ನಮ್ಮ ಹಿತ್ತಿಲ ಕೊನೆಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದರು. ಪಂಪು ಹಾಳಾಗಿರಲಿಲ್ಲ. ಮಾಮಿ ಟೆಂಪೋದ ಹಿಂದೆ ಹತ್ತಿ, ಕಾರ್ಕಳದವರೆಗೆ ಅದರ ಕುತ್ತಿಗೆ ಹಿಡಿದುಕೊಂಡೇ ಕುಳಿತರು.

ಮುಂದಿನ ಚಳಿಗಾಲದಲ್ಲಿ ತೋಟದಿಂದ ಫೋನ್ ಬಂತು. ನಾವು ಮೂವರೂ ನೋಡಲು ಹೋದೆವು. ರಬ್ಬರ್ ಮರಗಳ ನಡುವೆ ತರಗೆಲೆಯ ಮೇಲೆ ಗಂಡು ಈಮು ಮೊಟ್ಟೆಗೆ ಕಾವು ಕೊಡುತ್ತ ಕುಳಿತಿತ್ತು. ಹೆಣ್ಣು ದೂರದಲ್ಲಿ ಆರಾಮವಾಗಿ ತಿರುಗಾಡುತ್ತಿತ್ತು. ಈ ಜಾತಿಯಲ್ಲಿ ಕಾವಿಗೆ ಕೂರುವುದು ಗಂಡೇ, ಮರಿಯಾಗುವವರೆಗೂ ನೀರನ್ನೂ ಆಹಾರವನ್ನೂ ಸರಿಯಾಗಿ ಮುಟ್ಟುವುದಿಲ್ಲ ಎಂದು ತೋಟದವರು ವಿವರಿಸಿದರು. ಮಾಮಿ ಇಡೀ ವಿವರವನ್ನು ಎರಡು ಸಲ ಹೇಳಿಸಿಕೊಂಡರು. ತಂದಿದ್ದ ಮಲ್ಲಿಗೆಯನ್ನು ಹೆಣ್ಣಿಗೆ ತಿನ್ನಿಸಿದರು. ಅದಕ್ಕೆ ಅವರ ಗುರುತು ಇತ್ತೋ ಮಲ್ಲಿಗೆಯ ಗುರುತು ಇತ್ತೋ, ಬೇಲಿಯವರೆಗೆ ಓಡಿ ಬಂದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ, ಮಾಮಿ ಅವರ ಪಕ್ಕ, ನಾನು ಹಿಂದಿನ ಸೀಟಿನಲ್ಲಿ.

"ಕೇಳಿದಿರಲ್ಲ? ಕೂತ ಜಾಗದಿಂದ ಏಳುವುದೇ ಇಲ್ಲವಂತೆ," ಎಂದರು ಮಾಮಿ.

"ಕೇಳಿದೆ."

"ಊಟವೂ ಇಲ್ಲವಂತೆ."

"ಕೇಳಿದೆ ಮಾರಾಯ್ತಿ."

ಮಾಮಿ ಟಿಕೆಟನ್ನು ಮಡಚಿ ಪರ್ಸಿಗೆ ಹಾಕಿದರು. ಬಸ್ಸು ಇನ್ನೂ ಕಾರ್ಕಳ ಪೇಟೆಯನ್ನೇ ದಾಟಿರಲಿಲ್ಲ.

"ಓವರ್‌ಟೈಮೂ ಇಲ್ಲ," ಎಂದರು.