ತಿಮ್ಮಪ್ಪನ ಲಾರಿಗೆ ಕೂರದ ಗೇರ್

ದಿನಕರ ಗೇರ್‌ನ ಹಲ್ಲುಗಳನ್ನು ಮೂರನೆಯ ಸಲ ಎಣಿಸಿದ. ಮೂವತ್ತೊಂದು. ತಿಮ್ಮಪ್ಪ ತಂದ ಮುರುಕು ಗೇರ್‌ನಲ್ಲಿಯೂ, ಉದುರಿದ ನಾಲ್ಕು ಹಲ್ಲು ಸೇರಿಸಿದರೆ, ಮೂವತ್ತೊಂದೇ. ಅಗಲ ಒಂದೇ, ನಡುವಿನ ತೂತಿನ ಒಳಗಿನ ಗೀರುಗಳೂ ಅಷ್ಟೇ. ಆದರೂ ಹೊಸ ಗೇರ್, ತಿಮ್ಮಪ್ಪ ಲಾರಿಯಿಂದ ಬಿಚ್ಚಿ ತಂದ ಶಾಫ್ಟಿನ ಮೇಲೆ ಬೆರಳಗಲ ಜಾರಿ ಅಲ್ಲೇ ನಿಂತುಬಿಡುತ್ತಿತ್ತು.

1999ರ ಮಾರ್ಚ್, ಬುಧವಾರ. ಹೊನ್ನಾವರದ ಹೆದ್ದಾರಿ ಬದಿಯಲ್ಲಿ ದಿನಕರನ ಲಾರಿ ಬಿಡಿಭಾಗಗಳ ಅಂಗಡಿ. ಕತಗಾಲದ ತಿಮ್ಮಪ್ಪನದು ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಲಾರಿ. ಘಟ್ಟದಲ್ಲಿ ಚರಂಡಿಗೆ ಬಿದ್ದ ಗಾಡಿಗಳನ್ನು ಎಳೆದು ರಸ್ತೆಗೆ ಹಾಕುವುದು ಅದರ ಕೆಲಸ. ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ, ಅಂದರೆ ಟ್ರಾನ್ಸ್‌ಫರ್ ಕೇಸಿನ, ಒಳಗಿನ ಗೇರ್ ಮುರಿದು ಲಾರಿ ಹನ್ನೆರಡು ದಿನದಿಂದ ನಿಂತಿತ್ತು. ಅಂಥ ಗೇರ್ ತಯಾರಾಗುವುದೇ ನಿಂತಿತ್ತು. ಹುಬ್ಬಳ್ಳಿಯಲ್ಲೂ ಇರಲಿಲ್ಲ. ದಿನಕರನ ಬಳಿ ಇದ್ದದ್ದು ಇದೊಂದೇ.

“ಶುಕ್ರವಾರ ಭಟ್ಕಳದ ಗುಜರಿಯವ ಬತ್ತ ದಿನಕರಣ್ಣ. ಇದು ಕೂತ್ರೆ ಲಾರಿ ನಂದು, ಇಲ್ದಿದ್ರೆ ಅವಂದು,” ಎಂದ ತಿಮ್ಮಪ್ಪ. “ಅರ ಹಾಕಿ ಸ್ವಲ್ಪ ತಿಕ್ಕಿಬಿಡು.”

“ತಿಕ್ಕಿದ್ರೆ ಇವತ್ತು ಕೂರ್ತದೆ. ನಾಳೆ ಘಟ್ಟದಲ್ಲಿ ಸಡಿಲಾಗಿ ಇದೂ ಮುರೀತದೆ. ಮತ್ತೆ ಎಲ್ಲಿಂದ ತರೂದು?”

ದಿನಕರನ ಅಪ್ಪ ದೋಣಿಯವರು. ಮಗನಿಗೆ ಕಡಲಿಗಿಳಿದರೆ ವಾಂತಿ. ಹಾಗಾಗಿ ಕಬ್ಬಿಣ ಹಿಡಿದ. ಆದರೆ ಕಡಲು ಅಂಗಡಿಗೂ ಬಂತು: ಉಪ್ಪುಗಾಳಿಗೆ ಹೊಸ ಗೇರ್ ಒಂದೇ ಮಳೆಗಾಲದಲ್ಲಿ ತುಕ್ಕಿಗೆ ಕೆಂಪಾಗುತ್ತಿತ್ತು. ಅಪ್ಪ ದೋಣಿಯ ಹಲಗೆಗೆ ತಾರ್ಲೆ ಮೀನಿನ ಎಣ್ಣೆ ಬಳಿಯುತ್ತಿದ್ದುದು ನೆನಪಾಗಿ, ದಿನಕರ ಅದನ್ನೇ ಗೇರ್‌ಗಳಿಗೆ ಬಳಿದ. ತುಕ್ಕು ನಿಂತಿತು. ‘ದಿನಕರನ ಗೇರ್ ಹಾಕಿದ್ರೆ ಲಾರಿ ಹಿಂದೆ ಬೆಕ್ಕು ಓಡ್ತವೆ’ ಎಂದು ಮೆಕ್ಯಾನಿಕ್ಕುಗಳು ನಗುತ್ತಿದ್ದರು.

ಮಧ್ಯಾಹ್ನ ಹೆಂಡತಿ ಸುಚಿತಾ ಬುತ್ತಿ ತಂದಳು. ಇಬ್ಬರ ಮುಖ ನೋಡಿ ಗೇರ್ ಎತ್ತಿಕೊಂಡು ಒಳಗೀರಿನಲ್ಲಿ ಉಗುರಾಡಿಸಿದಳು.

“ಹೋಯ್, ಇದ್ರಲ್ಲಿ ಎಂತೋ ಕೂತದೆ. ಮೀನು ಕಾಯಿಸೂ ಕಾವಲಿ ಅಂಚಿನ ಹಂಗೆ.”

“ಅದು ಕಬ್ಬಿಣ ಮಾರಾಯ್ತಿ.”

“ಕಬ್ಬಿಣ ಉಗುರಿಗೆ ಬತ್ತದಾ?”

ಉಗುರ ತುದಿಯಲ್ಲಿ ತೆಳ್ಳನೆಯ ಹಳದಿ ಚಕ್ಕೆ. ಎಂಟು ವರ್ಷ ಕಪಾಟಿನಲ್ಲಿದ್ದ ಗೇರ್‌ನ ಮೇಲೆ ಮೀನೆಣ್ಣೆ ಒಣಗಿ ಗಾಜಿನಂತೆ ಗಟ್ಟಿಯಾಗಿತ್ತು. ತೆಳುವಾದ್ದರಿಂದ ಮೇಲಿಂದ ನೋಡಿದರೆ ಒಳಗಿನ ಕಬ್ಬಿಣದ ಬಣ್ಣವೇ ಕಾಣುತ್ತಿತ್ತು. ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ತೊಳೆದರೂ ಅದು ಬಿಟ್ಟಿರಲಿಲ್ಲ.

“ನೀರಿಗೆ ಸೋಡಾ ಹಾಕಿ ಕುದಿಸಿ. ಕಾವಲಿಗೆ ನಾ ಮಾಡೂದು ಅದೇ,” ಎಂದಳು.

ಪಕ್ಕದ ಚಾ ಅಂಗಡಿಯ ಒಲೆಯ ಮೇಲೆ, ಹಳೆಯ ಡಬ್ಬದಲ್ಲಿ, ಬಟ್ಟೆ ಸೋಡಾದ ನೀರಿನಲ್ಲಿ ಗೇರ್ ಮುಕ್ಕಾಲು ತಾಸು ಕುದಿಯಿತು. ನೀರು ಕಂದು ಬಣ್ಣಕ್ಕೆ ತಿರುಗಿ, ಚಕ್ಕೆಗಳು ತೇಲಿದವು. ದಿನಕರ ಒರೆಸಿ, ಶಾಫ್ಟಿಗಿಟ್ಟು ಅಂಗೈಯಿಂದ ಒತ್ತಿದ. ಗೇರ್ ಕೊನೆಯವರೆಗೂ ಹೋಗಿ ಕೂತಿತು.

“ಇಷ್ಟು ವರ್ಷ ಗೇರ್ ಕೂರ್ದಿದ್ರೆ ಕಂಪನಿಗೆ ಬೈತಿದ್ದೆ ನೀನು!” ತಿಮ್ಮಪ್ಪ ಜೋರಾಗಿ ನಕ್ಕ.

ದಿನಕರ ನಗಲಿಲ್ಲ. ‘ಅಳತೆ ತಪ್ಪು’ ಎಂದು ಸೀಮೆಸುಣ್ಣದಲ್ಲಿ ಬರೆದು ಕೆಳಗಿನ ಕಪಾಟಿಗೆ ತಳ್ಳಿದ್ದ ಹತ್ತೊಂಬತ್ತು ಗೇರ್‌ಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದ್ದ.

ಶುಕ್ರವಾರ ಗುಜರಿ ವ್ಯಾಪಾರಿ ಕತಗಾಲಕ್ಕೆ ಬಂದಾಗ ತಿಮ್ಮಪ್ಪನ ಲಾರಿ ದೇವಿಮನೆ ಘಟ್ಟದಲ್ಲಿ ಮಗುಚಿದ ಸಿಮೆಂಟ್ ಲಾರಿಯೊಂದನ್ನು ಎಳೆಯುತ್ತಿತ್ತು.